ಕೊಳ್ಳಿದೆವ್ವಕ್ಕೆ ಕಾಪಿರೈಟ್ ಇದೆಯಾ?

ಪ್ರಶ್ನೆ: ಮೇಡಂ, ನಮಸ್ಕಾರ. ಮಳೆಗಾಲದ ಶನಿವಾರಗಳಲ್ಲಿ ನಾವು ಐದು ಜನ ನಮ್ಮನೆ ಜಗಲಿಯಲ್ಲಿ ಕೂತು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತೇವೆ. ಆಗುಂಬೆ ಘಾಟಿಯಲ್ಲಿ ನಡೆಯುವ ಒಂದು ಸಾಹಸವನ್ನು ನಾನು ಕನ್ನಡದಲ್ಲಿ ಬರೆದಿದ್ದೇನೆ, 40 ಪುಟ. ಅದರಲ್ಲಿ ಕೊಳ್ಳಿದೆವ್ವ ಇದೆ, ಚೌಡಿ ಬನ ಇದೆ, ಆಟದ ಪುಸ್ತಕದಲ್ಲಿರುವ ಬಿಹೋಲ್ಡರ್ ಎಂಬ ಕಣ್ಣುಗುಡ್ಡೆ ರಾಕ್ಷಸ ಇದೆ. ಕುವೆಂಪು ಅವರ ಕಾದಂಬರಿಯ ಒಂದು ಪಾತ್ರವೂ ಬಂದು ಹೋಗುತ್ತದೆ. 100 ಪ್ರತಿ ಪ್ರಿಂಟ್ ಮಾಡಿಸಿ 150 ರೂಪಾಯಿಗೆ ಮಾರಬಹುದಾ?
– ಓದುಗ, ತೀರ್ಥಹಳ್ಳಿ

ಉತ್ತರ: ಖಂಡಿತ ಮಾರಬಹುದು. ಎರಡು ಕಡೆ ಕೈಯಾಡಿಸಬೇಕು, ಅಷ್ಟೆ.

ಮೊದಲು ಕೊಳ್ಳಿದೆವ್ವದ ವಿಷಯ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ನನ್ನಜ್ಜಿ ಅದರ ಕಥೆ ಹೇಳುತ್ತಿದ್ದರು. ಅದನ್ನು ನಾನೊಮ್ಮೆ ಬರೆದು ಪ್ರಕಟಿಸಿದ್ದೆ. ಗದ್ದೆ ಬದುವಿನ ಮೇಲೆ ಕೊಳ್ಳಿ ಹೇಗೆ ಓಡಾಡಿತು ಅಂದರೆ, 'ಬಿದ್ದುಹೋದ ಮೂಗುಬೊಟ್ಟು ಹುಡುಕುವವಳ ಹಾಗೆ' ಎಂದು ಬರೆದಿದ್ದೆ. ಕೆಲವು ವರ್ಷದ ಮೇಲೆ ಒಂದು ಕಿರುಪುಸ್ತಕ ಕೈಗೆ ಬಂತು. ಅದೇ ಸಾಲು, ಅದೇ ಮೂಗುಬೊಟ್ಟು, ಕೆಳಗೆ ಬೇರೆಯವರ ಹೆಸರು. ಆ ದಿನ ಊಟ ಸೇರಲಿಲ್ಲ ನನಗೆ. ಕೊಳ್ಳಿದೆವ್ವ ಊರಿನದು, ಯಾರು ಬೇಕಾದರೂ ಬರೆಯಲಿ. ಮೂಗುಬೊಟ್ಟು ನನ್ನದು. ಕಾಪಿರೈಟ್ ಕಾಯುವುದು ಹೇಳಿದ ರೀತಿಯನ್ನು, ಬರೀ ಕಲ್ಪನೆಯನ್ನಲ್ಲ. ನಮ್ಮ ಸುಪ್ರೀಂ ಕೋರ್ಟ್ 1978ರಲ್ಲೇ ಒಂದು ನಾಟಕ ಮತ್ತು ಸಿನಿಮಾದ ಮೊಕದ್ದಮೆಯಲ್ಲಿ ಇದನ್ನು ಹೇಳಿದೆ.

ಆಟಕ್ಕೂ ಇದೇ ಲೆಕ್ಕ. ಇಪ್ಪತ್ತು ಮುಖದ ದಾಳ ಹಾಕು, ಇಷ್ಟು ಬಂದರೆ ಏಟು ತಗುಲಿತು ಎನ್ನುವ ನಿಯಮ ಯಾರ ಸ್ವತ್ತೂ ಅಲ್ಲ. ಆ ನಿಯಮವನ್ನು ವಿವರಿಸಿ ಬರೆದ ವಾಕ್ಯಗಳು, ಚಿತ್ರಗಳು ಆಟ ಹೊರತರುವ ಕಂಪನಿಯ ಸ್ವತ್ತು. ಅವುಗಳ ಅನುವಾದದ ಹಕ್ಕೂ ಅವರದೇ, ಕನ್ನಡಕ್ಕೆ ತಂದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ಆದರೆ ನಿಮಗೊಂದು ಅನುಕೂಲ ಇದೆ. 2023ರ ಜನವರಿಯಲ್ಲಿ ಆ ಕಂಪನಿ, ವಿಝರ್ಡ್ಸ್ ಆಫ್ ದಿ ಕೋಸ್ಟ್, ಬೇರೆಯವರು ಆಟದ ನಿಯಮ ಬಳಸಲು ಕೊಟ್ಟಿದ್ದ ಹಳೆಯ ಲೈಸೆನ್ಸ್ ಬಿಗಿ ಮಾಡಲು ಹೊರಟಿತ್ತು. ಕರಡು ಸೋರಿ, ಆಟಗಾರರು ರೊಚ್ಚಿಗೆದ್ದರು. ಅದೇ ತಿಂಗಳು 27ಕ್ಕೆ ಕಂಪನಿ ಹಿಂದೆ ಸರಿದು, ಆಟದ ಮೂಲ ನಿಯಮಗಳ ಸುಮಾರು 400 ಪುಟವನ್ನು (ಎಸ್‌ಆರ್‌ಡಿ 5.1 ಅಂತಾರೆ) ಕ್ರಿಯೇಟಿವ್ ಕಾಮನ್ಸ್ ಎಂಬ, ಷರತ್ತು ಪಾಲಿಸಿ ಯಾರು ಬೇಕಾದರೂ ಬಳಸಬಹುದಾದ ಲೈಸೆನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಿತು. ಅದನ್ನು ಅನುವಾದಿಸಬಹುದು, ಬದಲಾಯಿಸಬಹುದು, ಮಾರಲೂಬಹುದು. ಮೂಲ ಯಾರದೆಂದು ಹೇಳಲು ಅವರೇ ಕೊಟ್ಟಿರುವ ಒಕ್ಕಣೆ, ಲೈಸೆನ್ಸಿನ ಕೊಂಡಿ, 'ಕನ್ನಡಕ್ಕೆ ತಂದು ಬದಲಾಯಿಸಿದ್ದೇನೆ' ಎಂಬ ಒಂದು ಸಾಲು ಪುಸ್ತಕದಲ್ಲಿ ಇರಲೇಬೇಕು. ಆಟದ ಲೋಗೋ ಮಾತ್ರ ಹಾಕಬೇಡಿ.

ಬಿಹೋಲ್ಡರ್ ತೆಗೆಯಿರಿ. ಬಿಟ್ಟುಕೊಟ್ಟ ಪ್ರಾಣಿಗಳ ಪಟ್ಟಿಯಲ್ಲಿ ಅದಿಲ್ಲ. ಅಭಿಮಾನಿಗಳ ಕೃತಿಗಳಿಗೆ ಕಂಪನಿ ಮಾಡಿರುವ ಫ್ಯಾನ್ ಕಂಟೆಂಟ್ ನಿಯಮ ಇರುವುದು ಕಾಸು ಕೇಳದೆ ಹಂಚುವವರಿಗೆ, ನೀವು 150 ರೂಪಾಯಿ ಕೇಳುತ್ತಿದ್ದೀರಿ. ಬೇಜಾರಾಗಬೇಡಿ, ಈ ಆಟ ಮಾಡಿದವರಿಗೂ ಹೀಗೇ ಆಗಿತ್ತು. 1974ರ ಮೊದಲ ಪುಸ್ತಕದಲ್ಲಿ ಹಾಬಿಟ್ ಇತ್ತು, ಟೋಲ್ಕಿನ್ ಎಂಬ ಇಂಗ್ಲಿಷ್ ಲೇಖಕರ ಕಾದಂಬರಿಯ ಕುಳ್ಳ ಜನ. ಟೋಲ್ಕಿನ್ ಕಡೆಯ ಹಕ್ಕುದಾರರು ತಕರಾರು ತೆಗೆದ ಮೇಲೆ ಅದು ಹಾಫ್ಲಿಂಗ್ ಆಯಿತು. ಹೇಗೂ ಆಗುಂಬೆ ಕಾಡಿಗೆ ಪರದೇಶದ ಕಣ್ಣುಗುಡ್ಡೆ ಯಾಕೆ? ಕೆಳದಿಯ ರಾಮೇಶ್ವರ ದೇವಸ್ಥಾನದಲ್ಲಿ ಗಂಡಭೇರುಂಡದ ಕೆತ್ತನೆ ಇದೆ, ಹೋಗಿ ನೋಡಿ ಬನ್ನಿ. ಆ ಕಲ್ಲಿಗೆ ಕಾಪಿರೈಟ್ ಇಲ್ಲ. ಬೇರೆಯವರು ತೆಗೆದ ಫೋಟೊಗೆ ಇರುತ್ತದೆ, ಹಾಗಾಗಿ ನೀವೇ ಕೂತು ಬಿಡಿಸಿಕೊಳ್ಳಿ.

ಕುವೆಂಪು ಅವರ ಪಾತ್ರವನ್ನೂ ಅನುಮತಿ ಇಲ್ಲದೆ ತರಬೇಡಿ. ಅವರು ತೀರಿಕೊಂಡಿದ್ದು 1994ರಲ್ಲಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಲೇಖಕರು ಹೋದ ಮೇಲೂ 60 ವರ್ಷ ಹಕ್ಕು ಇರುತ್ತದೆ, ಅಂದರೆ 2054ರ ಕೊನೆಯವರೆಗೆ. ಅವರು ಬರೆದ ಮಳೆ, ಕಾಡು, ಗುಡ್ಡ, ಗದ್ದೆ ಎಲ್ಲ ನಿಮ್ಮ ಮನೆ ಮುಂದೆಯೇ ಇದೆ ಅಲ್ವಾ? ಅಲ್ಲಿಂದ ನಿಮ್ಮದೇ ಒಬ್ಬ ಮನುಷ್ಯನನ್ನು ಕರೆತನ್ನಿ.

ಪ್ರಶ್ನೆ: ಗೆಳೆಯರ ಇಂಥದ್ದೇ ಆಟದ ಪುಸ್ತಕಕ್ಕೆ ಯಕ್ಷಗಾನದ ವೇಷದಲ್ಲಿ ಹನ್ನೆರಡು ಚಿತ್ರ ಬರೆದುಕೊಟ್ಟೆ. ಪುಕ್ಕಟೆಯಾಗಿಯೇ. ಈಗ ನನ್ನ ಹೆಸರೇ ಇಲ್ಲದೆ ಪ್ರಿಂಟ್ ಆಗಿದೆ. ನಾನು ರಿಜಿಸ್ಟರ್ ಮಾಡಿಸಿರಲಿಲ್ಲ.
– ಓದುಗಳು, ಸಾಗರ

ಉತ್ತರ: ರಿಜಿಸ್ಟರ್ ಮಾಡಿಸಬೇಕಾಗಿಯೇ ಇಲ್ಲಮ್ಮ. ಕಾಗದದ ಮೇಲೆ ಚಿತ್ರ ಮೂಡಿದಾಗಲೇ ಹಕ್ಕು ನಿನ್ನದಾಯಿತು. ಅವರು ದುಡ್ಡು ಕೊಟ್ಟು ಹೇಳಿ ಬರೆಸಿದ್ದರೆ, ಬೇರೆ ಕರಾರು ಇಲ್ಲದಿದ್ದಾಗ, ಹಕ್ಕು ಅವರಿಗೇ ಹೋಗುವ ಸಂಭವ ಇತ್ತು. ಪುಕ್ಕಟೆ ಕೊಟ್ಟಿದ್ದೀಯ, ಹಾಗಾಗಿ ಆ ಪ್ರಶ್ನೆ ಇಲ್ಲ. ಇನ್ನು ಚಿತ್ರ ಬರೆದವಳು ನೀನು ಅಂತ ಹೇಳಿಕೊಳ್ಳುವ ಹಕ್ಕು ಕಾಪಿರೈಟ್ ಕಾಯ್ದೆಯ 57ನೇ ಕಲಂನಲ್ಲಿ ಬೇರೆಯೇ ಇದೆ. ಹಕ್ಕು ಬರೆದುಕೊಟ್ಟ ಮೇಲೂ ಅದು ಉಳಿಯುತ್ತದೆ. ಜಗಳಕ್ಕೆ ಮುಂಚೆ ಒಂದು ಪತ್ರ ಬರೆ. ಉಳಿದ ಪ್ರತಿಗಳಿಗೆ ನಿನ್ನ ಹೆಸರಿನ ಚೀಟಿ ಅಂಟಿಸಲಿ, ಮುಂದಿನ ಮುದ್ರಣದಲ್ಲಿ ಒಳಪುಟದಲ್ಲೇ ಹಾಕಲಿ. ಮೂಲ ಚಿತ್ರಗಳನ್ನು ಮಾತ್ರ ವಾಪಸ್ ಇಸಕೋ, ತಾರೀಖು ಹಾಕಿ ಇಟ್ಟುಕೋ.