ಸ್ಟಿಯರಿಂಗ್ ಹಿಡಿದವರಿಗೂ ಬೆಟ್ಟ ಕಾಣಲಿ

ಪ್ರಶ್ನೆ: ಮುಂದಿನ ಜೂನ್ 24ಕ್ಕೆ ನಮ್ಮ ಮದುವೆಯಾಗಿ 25 ವರ್ಷ ತುಂಬುತ್ತದೆ. ಯುರೋಪಿನಲ್ಲಿ ತಾವೇ ಕಾರು ಓಡಿಸಬೇಕೆಂಬುದು ನಮ್ಮ ಮನೆಯವರ ಬಹಳ ದಿನದ ಆಸೆ. ಪ್ಯಾರಿಸ್‌ನಲ್ಲಿ ಕಾರು ತೆಗೆದುಕೊಂಡು ಆಮ್‌ಸ್ಟರ್‌ಡ್ಯಾಮ್, ಇಂಟರ್‌ಲಾಕೆನ್, ವೆನಿಸ್ ನೋಡಿ ರೋಮ್‌ನಲ್ಲಿ ಬಿಟ್ಟುಬರೋಣ, 11 ರಾತ್ರಿ ಸಾಕು ಅನ್ನುತ್ತಾರೆ. ಆಗುಂಬೆ, ಚಾರ್ಮಾಡಿ, ಬಾಳೆಬರೆ ಎಲ್ಲ ಓಡಿಸಿ ಅಭ್ಯಾಸವಿದೆ ಅವರಿಗೆ. ನನಗೂ ಲೈಸೆನ್ಸ್ ಇದೆ, ಊರೊಳಗೆ ಓಡಿಸುತ್ತೇನೆ, ಘಾಟಿಯಲ್ಲಿ ಓಡಿಸಿಲ್ಲ. ಮಂಡಿನೋವು ಇರುವುದರಿಂದ ಹೆಚ್ಚು ನಡೆಯಲಾರೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಈ ಯೋಜನೆ ಸರಿಯೇ? ವೀಸಾ, ಲೈಸೆನ್ಸಿಗೆ ಏನೇನು ಮಾಡಬೇಕು?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಇಪ್ಪತ್ತೈದು ವರ್ಷಕ್ಕೆ ನಿಮ್ಮಿಬ್ಬರಿಗೂ ಮನಸಾರೆ ಶುಭಾಶಯ.

ನಿಮ್ಮ ಮನೆಯವರ ಪಟ್ಟಿಯನ್ನು ನಕ್ಷೆಯ ಮೇಲಿಟ್ಟು ಕೂಡಿಸಿದೆ. ಸುಮಾರು 2,500 ಕಿ.ಮೀ. ಆಗುತ್ತದೆ. ಹನ್ನೊಂದು ರಾತ್ರಿಯಲ್ಲಿ ಮುಗಿಸಬಹುದು, ಆದರೆ ಅದರಲ್ಲಿ ಮುಕ್ಕಾಲು ಪಾಲು ಹೆದ್ದಾರಿ. ಹೆದ್ದಾರಿಯಲ್ಲಿ ಕಾಣುವುದು ಲಾರಿಗಳ ಸಾಲು ಮತ್ತು ಸದ್ದು ತಡೆಯಲು ಕಟ್ಟಿದ ಗೋಡೆ. ಜೊತೆಗೆ ಒಂದು ದೇಶದಲ್ಲಿ ತೆಗೆದ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟರೆ ಅದಕ್ಕೆಂದೇ ಪ್ರತ್ಯೇಕ ಶುಲ್ಕ ಬೀಳುತ್ತದೆ, ಎಷ್ಟೋ ಸಲ ಅದು ಕಾರಿನ ಬಾಡಿಗೆಯಷ್ಟೇ ಆಗಿಬಿಡುತ್ತದೆ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಇಬ್ಬರೇ ಹೋಗುವ ಪ್ರವಾಸದಲ್ಲಿ ಒಬ್ಬರು ಬೆಟ್ಟ ನೋಡುತ್ತಾರೆ, ಇನ್ನೊಬ್ಬರು ರಸ್ತೆ ನೋಡುತ್ತಾರೆ. ಸಂಜೆ ಹೊತ್ತಿಗೆ ಒಬ್ಬರಿಗೆ ಹೇಳಲು ನೂರು ಮಾತಿರುತ್ತದೆ, ಇನ್ನೊಬ್ಬರಿಗೆ ಕುತ್ತಿಗೆ ಹಿಡಿದಿರುತ್ತದೆ. ಮದುವೆಯ ವಾರ್ಷಿಕೋತ್ಸವಕ್ಕೆಂದು ಹೋಗಿ ಹೀಗಾಗುವುದು ನನಗೆ ಸರಿ ಕಾಣುವುದಿಲ್ಲ. ಆದ್ದರಿಂದ ನಾನು ಯೋಜನೆ ಹಾಕಿಕೊಡುವಾಗ ಇಡುವ ಲೆಕ್ಕ ಇಷ್ಟೇ: ಒಂದು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಚಾಲನೆ ಬೇಡ, ಬೆಟ್ಟದ ರಸ್ತೆಯಲ್ಲಿ ಇಬ್ಬರೂ ಇಳಿದು ನಿಲ್ಲಲು ಅರ್ಧ ದಿನ ಬಿಡುವಿರಲಿ, ಮದುವೆಯ ದಿನ ಕಾರು ಕದಲುವುದೇ ಬೇಡ.

ನಾನು ಹೇಳುವ ದಾರಿ ಮ್ಯೂನಿಕ್‌ನಲ್ಲಿ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ಜರ್ಮನಿ, ಆಸ್ಟ್ರಿಯಾ, ಇಟಲಿಯ ಉತ್ತರದ ತುದಿ, ಎಲ್ಲ ಸೇರಿ ಸುಮಾರು 800 ಕಿ.ಮೀ. ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನವಿದೆ, ಹತ್ತು ಗಂಟೆಯ ಹಾದಿ. ಇಳಿದ ದಿನವೇ ಕಾರು ತೆಗೆದುಕೊಳ್ಳಬೇಡಿ. ನಿದ್ದೆಗೆಟ್ಟ ಕಣ್ಣಿನಲ್ಲಿ ಎಡಗಡೆ ಸ್ಟಿಯರಿಂಗ್, ಬಲಗಡೆ ರಸ್ತೆ ಎರಡನ್ನೂ ಒಟ್ಟಿಗೆ ಕಲಿಯುವುದು ಅಪಾಯ. ಎರಡು ರಾತ್ರಿ ಮ್ಯೂನಿಕ್‌ನಲ್ಲಿದ್ದು ಟ್ರಾಮಿನಲ್ಲಿ ಓಡಾಡಿ, ಮೂರನೆಯ ಬೆಳಿಗ್ಗೆ ಕಾರು ತೆಗೆದುಕೊಂಡು ಆಸ್ಟ್ರಿಯಾದ ಝೆಲ್ ಆಮ್ ಸೇಗೆ ಹೊರಡಿ. ಕೆರೆಯಂಚಿನ ಊರು, 190 ಕಿ.ಮೀ. ದೂರ. ಅಲ್ಲಿ ಮೂರು ರಾತ್ರಿ.

ಅಲ್ಲಿಂದ ದಕ್ಷಿಣಕ್ಕೆ ಹೊರಡುವ ದಿನ ನಿಮ್ಮ ಮನೆಯವರ ಆಸೆ ತೀರುವ ದಿನ. ಗ್ರಾಸ್‌ಗ್ಲಾಕ್ನರ್ ರಸ್ತೆ 1935ರ ಆಗಸ್ಟಿನಲ್ಲಿ ತೆರೆದದ್ದು. 48 ಕಿ.ಮೀ., 36 ಹೇರ್‌ಪಿನ್ ತಿರುವು. ಆಗುಂಬೆಯಲ್ಲಿ ಇರುವುದು ಹದಿನಾಲ್ಕು. ಈ ರಸ್ತೆ ಬೆಟ್ಟ ದಾಟುವ ಹೋಖ್‌ಟೋರ್ 2,504 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ 550 ಮೀಟರಿಗೂ ಮೇಲೆ ನಿಮ್ಮ ಕಾರು ಓಡುತ್ತಿರುತ್ತದೆ. ಜೂನ್‌ನಲ್ಲೂ ರಸ್ತೆಯ ಬದಿಯಲ್ಲಿ ಹಿಮ ಉಳಿದಿರುತ್ತದೆ. ಯಂತ್ರದಿಂದ ಕತ್ತರಿಸಿ ದಾರಿ ಮಾಡಿರುವುದರಿಂದ ಕೆಲವು ಕಡೆ ಅದು ಆಳೆತ್ತರದ ಗೋಡೆ. ನಾನು ಕಿಟಕಿ ಇಳಿಸಿ ಕೈಚಾಚಿದಾಗ ಬೆರಳಿಗೆ ತಾಗಿದ್ದು ಬಿಳಿ ಹಿಮವಲ್ಲ, ದೂಳು ಕೂತು ಬೂದುಬಣ್ಣಕ್ಕೆ ತಿರುಗಿದ, ಉಪ್ಪಿನ ಹರಳಿನಂತೆ ಒರಟಾದ ಹಿಮ. ಬುಡದಿಂದ ನೀರು ಜಿನುಗಿ ಡಾಂಬರಿನ ಮೇಲೆ ಹರಿಯುತ್ತಿತ್ತು. ಆ ಒದ್ದೆಯ ಮೇಲೆ ನಿಧಾನವಾಗಿ ಹೋಗಬೇಕು.

ದಾರಿಯಲ್ಲಿ ಬಲಕ್ಕೆ ಒಂದು ಕವಲು ಹೊರಟು 2,369 ಮೀಟರ್ ಎತ್ತರದ ಕೈಸರ್ ಫ್ರಾನ್ಸ್ ಯೋಸೆಫ್ಸ್ ಹೋಹೆ ಎಂಬಲ್ಲಿ ನಿಲ್ಲುತ್ತದೆ. ಎದುರಿಗೇ 3,798 ಮೀಟರಿನ ಗ್ರಾಸ್‌ಗ್ಲಾಕ್ನರ್, ಆಸ್ಟ್ರಿಯಾದ ಅತಿ ಎತ್ತರದ ಶಿಖರ. ಕೆಳಗೆ ಪಾಸ್ಟರ್ಜೆ ಹಿಮನದಿ ವರ್ಷವರ್ಷ ಕುಗ್ಗುತ್ತಿದೆ. ನಡೆಯುವ ಅಗತ್ಯವಿಲ್ಲ, ಕಾರು ನಿಲ್ಲಿಸಿದಲ್ಲೇ ಎಲ್ಲ ಕಾಣುತ್ತದೆ. ಅಲ್ಲಿ ಎರಡು ಗಂಟೆ ಇರಿ. ನಿಮ್ಮ ಮನೆಯವರ ಕೈಯಿಂದ ಕೀಲಿ ಇಸಿದುಕೊಂಡು ಅವರನ್ನು ಕಟ್ಟೆಯ ಮೇಲೆ ಕೂರಿಸಿ.

ಈ ರಸ್ತೆಯ ಟೋಲ್ ಒಂದು ದಿನಕ್ಕೆ 40 ಯೂರೋ ದಾಟುತ್ತದೆ, ರಾತ್ರಿ ಮುಚ್ಚಿರುತ್ತದೆ. ಮಂಜು ಕವಿದ ದಿನ ಅಷ್ಟು ದುಡ್ಡು ಕೊಟ್ಟು ಹೋದರೆ ಏನೂ ಕಾಣದು. ಬೆಳಿಗ್ಗೆ ಎದ್ದ ಕೂಡಲೇ ರಸ್ತೆಯ ವೆಬ್‌ಕ್ಯಾಮ್ ನೋಡಿ. ಝೆಲ್‌ನಲ್ಲಿ ಮೂರು ರಾತ್ರಿ ಇರಿ ಎಂದದ್ದು ಇದಕ್ಕೇ. ಹೊರಡುವ ದಿನ ಕೆಟ್ಟಿರುತ್ತದೆ ಎಂದು ಮುನ್ಸೂಚನೆಯಲ್ಲಿ ಗೊತ್ತಾದರೆ, ಹಿಂದಿನ ದಿನವೇ ಹತ್ತಿ ನೋಡಿ ವಾಪಸ್ ಬಂದು, ಮರುದಿನ ಐದು ಕಿ.ಮೀ.ಗೂ ಉದ್ದದ ಫೆಲ್ಬರ್‌ಟಾವರ್ನ್ ಸುರಂಗದಲ್ಲಿ ಬೆಟ್ಟದಾಚೆ ಹೋಗಬಹುದು.

ಇಳಿಜಾರಿನ ಬಗ್ಗೆ ನಿಮ್ಮ ಮನೆಯವರಿಗೆ ಬೇರೆ ಹೇಳಬೇಕಿಲ್ಲ, ಆದರೂ ಒಂದು ಮಾತು. ಆಟೋಮ್ಯಾಟಿಕ್ ಕಾರು ಎಂದು ‘ಡಿ’ಯಲ್ಲೇ ಬಿಟ್ಟು ಬ್ರೇಕ್ ತುಳಿಯುತ್ತ ಇಳಿದರೆ ಅರ್ಧ ದಾರಿಗೇ ಸುಟ್ಟ ವಾಸನೆ ಬರುತ್ತದೆ. ಕೈಯಿಂದ ಗೇರ್ ಇಳಿಸಿಕೊಂಡು ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ನಮ್ಮ ಘಾಟಿಯ ಹಾಗೆ ತಿರುವು ತಿರುವಿಗೂ ಹಾರ್ನ್ ಮಾಡುವ ರೂಢಿ ಅಲ್ಲಿಲ್ಲ. ಸೈಕಲ್ಲಿನವರು ಬಹಳ, ಅವರನ್ನು ದಾಟುವಾಗ ಎರಡು ಮೀಟರ್ ಬಿಡಿ.

ಬೆಟ್ಟ ಇಳಿದರೆ ಲೀನ್ಜ್, ಅಲ್ಲಿಂದ ಗಡಿ ದಾಟಿ ಇಟಲಿಯ ದಕ್ಷಿಣ ಟಿರೋಲ್. ಗಡಿಯಾಚೆ ಎಲ್ಲಾದರೂ ಒಂದು ರಾತ್ರಿ ಮಲಗಿ, ಮರುದಿನ ಕೊರ್ಟಿನಾ ಊರು ದಾಟಿ ಫಾಲ್ಜಾರೆಗೊ, ಗಾರ್ಡೆನಾ ಕಣಿವೆದಾರಿಗಳ ಮೂಲಕ ಒರ್ಟಿಸೇಯಿ ಎಂಬ ಊರು ಸೇರಿ. ದಕ್ಷಿಣ ಟಿರೋಲ್ ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದ್ದಾಗಿತ್ತು. ಇಂದಿಗೂ ಹೆಚ್ಚಿನವರ ಮನೆಮಾತು ಜರ್ಮನ್. ಒರ್ಟಿಸೇಯಿ ಇರುವ ಕಣಿವೆಯಲ್ಲಿ ಮತ್ತು ಸುತ್ತಲಿನ ಕೆಲವು ಕಣಿವೆಗಳಲ್ಲಿ ಲಾಡಿನ್ ಎಂಬ ಸಣ್ಣ ಭಾಷೆ ಉಳಿದಿದೆ, ಶಾಲೆಯಲ್ಲೂ ಕಲಿಸುತ್ತಾರೆ. ಹಾಗಾಗಿ ಒಂದೇ ಊರಿಗೆ ಮೂರು ಹೆಸರು. ಒರ್ಟಿಸೇಯಿ, ಸಾಂಕ್ಟ್ ಉಲ್ರಿಚ್, ಉರ್ಟಿಜೆಯ್ ಎಲ್ಲ ಒಂದೇ. ಮ್ಯಾಪಿನಲ್ಲಿ ಒಂದು, ಫಲಕದಲ್ಲಿ ಇನ್ನೊಂದು ಕಂಡು ದಾರಿ ತಪ್ಪಿದೆವೆಂದು ಗಾಬರಿಯಾಗಬೇಡಿ. ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಳ್ಳಿ.

ಒರ್ಟಿಸೇಯಿಯಲ್ಲಿ ಮೂರು ರಾತ್ರಿ ಇದ್ದು, ಸೆಲ್ಲಾ ಬೆಟ್ಟವನ್ನು ಸುತ್ತುವ ನಾಲ್ಕು ಕಣಿವೆದಾರಿಗಳ ಸುತ್ತನ್ನು ವಾರದ ನಡುವಿನ ದಿನ ಬೆಳಿಗ್ಗೆ ಎಂಟರೊಳಗೆ ಹೊರಟು ಮುಗಿಸಿ. ಶನಿವಾರ, ಭಾನುವಾರ ಮೋಟರ್‌ಬೈಕುಗಳ ಸಾಲು ಮುಗಿಯುವುದೇ ಇಲ್ಲ. ಉಳಿದ ಓಡಾಟಕ್ಕೆ ಕಾರೇ ಬೇಡ: ಅಲ್ಲಿನ ಅನೇಕ ವಸತಿಗೃಹಗಳು ತಮ್ಮ ಅತಿಥಿಗಳಿಗೆ ಬಸ್ಸು, ರೈಲಿನಲ್ಲಿ ಓಡಾಡಲು ಪಾಸ್ ಕೊಡುತ್ತವೆ. ಕಾದಿರಿಸುವಾಗಲೇ ಕೇಳಿ.

ಇನ್ನು ಜೂನ್ 24. ಆ ದಿನ ಕಾರನ್ನು ಒರ್ಟಿಸೇಯಿಯಲ್ಲೇ ಬಿಟ್ಟು, ಒಂದು ರಾತ್ರಿಗಾಗುವಷ್ಟು ಬಟ್ಟೆ ಚೀಲಕ್ಕೆ ಹಾಕಿಕೊಂಡು, ಊರಿನಿಂದಲೇ ಹೊರಡುವ ಕೇಬಲ್ ಕಾರಿನಲ್ಲಿ ಮೇಲೆ ಹೋಗಿ. ಇಳಿಯುವುದು 2,000 ಮೀಟರ್ ಎತ್ತರದಲ್ಲಿ, ಸೈಸರ್ ಆಲ್ಮ್ ಎಂಬ ಹುಲ್ಲುಗಾವಲಿನ ಅಂಚಿಗೆ. ಸುಮಾರು 56 ಚದರ ಕಿ.ಮೀ. ಹರಡಿದ, ಯುರೋಪಿನಲ್ಲೇ ಅತಿ ದೊಡ್ಡದೆನ್ನುವ ಎತ್ತರದ ಹುಲ್ಲುಗಾವಲು ಇದು. ಹಗಲು ಹೊತ್ತು ಹೊರಗಿನವರ ಕಾರಿಗೆ ಪ್ರವೇಶವಿಲ್ಲ. ಜೂನ್ ಕೊನೆಯೆಂದರೆ ಹುಲ್ಲು ಕೊಯ್ಯುವ ಮುಂಚೆ, ಹೂವಿನ ಕಾಲ. ದಿನದ ಪ್ರವಾಸಿಗಳೆಲ್ಲ ಸಂಜೆ ಕೊನೆಯ ಕೇಬಲ್ ಕಾರಿನಲ್ಲಿ ಇಳಿದುಹೋಗುತ್ತಾರೆ, ಮೇಲೆ ಉಳಿಯುವವರು ಅಲ್ಲಿನ ಹೋಟೆಲಿನವರು ಮತ್ತು ದನಗಳು. ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಆಗ ಎದುರಿನ ಲಾಂಗ್‌ಕೋಫೆಲ್ ಬಂಡೆ ಮೊದಲು ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಗುಲಾಬಿ ಆಗುತ್ತದೆ. ಲಾಡಿನ್ ಜನ ಇದಕ್ಕೆ ‘ಎನ್ರೊಸಾದಿರಾ’ ಅನ್ನುತ್ತಾರೆ, ಗುಲಾಬಿ ಬಣ್ಣಕ್ಕೆ ತಿರುಗುವುದು ಎಂದರ್ಥ. ಡೊಲೊಮೈಟ್ ಎಂಬ ಮಸುಕು ಬಣ್ಣದ ಸುಣ್ಣದ ಜಾತಿಯ ಕಲ್ಲು ಇಳಿಬಿಸಿಲನ್ನು ಹಿಡಿಯುವ ರೀತಿ ಅದು. ಬಣ್ಣ ಆರುವವರೆಗೆ ಕೂತಿರಿ. ಜೂನ್ ಆದರೂ ಸ್ವೆಟರ್ ಬೇಕೇ ಬೇಕು.

ವಾಪಸಾತಿ ಬ್ರೆನ್ನರ್ ಕಣಿವೆದಾರಿಯಿಂದ ಇನ್ಸ್‌ಬ್ರುಕ್ ಮೂಲಕ ಮ್ಯೂನಿಕ್‌ಗೆ, 260 ಕಿ.ಮೀ. ಕೊನೆಯ ರಾತ್ರಿ ಅಲ್ಲೇ. ಶನಿವಾರ ತಪ್ಪಿಸಿ. ವಾಹನ ದಟ್ಟಣೆ ಕಂಡು ಮ್ಯಾಪ್ ಹಳ್ಳಿದಾರಿ ತೋರಿಸಿದರೆ ನಂಬಬೇಡಿ. ಬೇಸಿಗೆಯ ವಾರಾಂತ್ಯಗಳಲ್ಲಿ ಹೆದ್ದಾರಿ ಬಿಟ್ಟು ಹಳ್ಳಿಯೊಳಗೆ ನುಗ್ಗುವ ಪ್ರವಾಸಿ ವಾಹನಗಳನ್ನು ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲಿ ತಡೆದು ಹಿಂದಕ್ಕೆ ಕಳಿಸುತ್ತಾರೆ.

ಈಗ ಕಾಗದಪತ್ರ. ಮೇಲಿನ ಲೆಕ್ಕದಲ್ಲಿ ಜರ್ಮನಿಯಲ್ಲಿ ಮೂರು ರಾತ್ರಿ, ಆಸ್ಟ್ರಿಯಾದಲ್ಲಿ ಮೂರು, ಇಟಲಿಯಲ್ಲಿ ಐದು. ಈ ಮೂರೂ ದೇಶಕ್ಕೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕಾದ್ದು ಹೆಚ್ಚು ದಿನ ಇರುವ ದೇಶಕ್ಕೆ, ಇಳಿಯುವ ದೇಶಕ್ಕಲ್ಲ. ವಿಮಾನ ಮ್ಯೂನಿಕ್‌ಗೆ ಎಂದು ಜರ್ಮನಿಗೆ ಅರ್ಜಿ ಹಾಕಿ ತಿರಸ್ಕೃತರಾದವರ ಪತ್ರಗಳು ನನಗೆ ಬರುತ್ತಲೇ ಇರುತ್ತವೆ. ನಿಮ್ಮದು ಇಟಲಿಗೆ. (ಇಟಲಿಯ ಮೊದಲ ರಾತ್ರಿ ಗಡಿ ದಾಟಿಯೇ ಇರಲಿ, ಇಲ್ಲವಾದರೆ ಆಸ್ಟ್ರಿಯಾ, ಇಟಲಿ ಸಮಸಮ ಆಗಿಬಿಡುತ್ತವೆ.) ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಶುಲ್ಕ ತಲಾ 90 ಯೂರೋ, ಮೇಲೆ ಅರ್ಜಿ ಪಡೆಯುವ ವೀಸಾ ಕೇಂದ್ರದ ಸೇವಾಶುಲ್ಕ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಫೆಬ್ರವರಿಯಲ್ಲೇ ಮುಗಿಸಿಕೊಳ್ಳಿ, ಏಪ್ರಿಲ್, ಮೇನಲ್ಲಿ ಸಮಯ ಸಿಗುವುದು ಕಷ್ಟ.

ವೀಸಾ ಬಂದ ಮೇಲೆ ಶಿವಮೊಗ್ಗ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಒಂದು ವರ್ಷ ನಡೆಯುತ್ತದೆ. ಅದೊಂದೇ ಸಾಲದು, ಮೂಲ ಡಿಎಲ್ ಕಾರ್ಡೂ ಕೈಯಲ್ಲಿರಬೇಕು. ಇಲ್ಲಿ ನಿಮಗೆ ನನ್ನದೊಂದು ಒತ್ತಾಯ: ನೀವೂ ಮಾಡಿಸಿಕೊಳ್ಳಿ, ಬಾಡಿಗೆ ಕರಾರಿನಲ್ಲಿ ಎರಡನೆಯ ಚಾಲಕಿಯಾಗಿ ನಿಮ್ಮ ಹೆಸರು ಹಾಕಿಸಿ. ಘಾಟಿ ಅವರು ಓಡಿಸಲಿ. ಕಣಿವೆಯ ಸಮತಟ್ಟು ರಸ್ತೆ ನಿಮಗೆ ಖಂಡಿತ ಆಗುತ್ತದೆ, ಆಗ ಅವರು ಕಿಟಕಿಯಾಚೆ ನೋಡಲಿ. ಕಾರು ಆಟೋಮ್ಯಾಟಿಕ್ ಬೇಕೆಂದು ಬರೆದೇ ಕಾದಿರಿಸಿ, ಇಲ್ಲದಿದ್ದರೆ ಎಡಗೈ ಹುಡುಕುವ ಗೇರು ಬಲಗೈಗೆ ಬಂದಿರುತ್ತದೆ. ದೊಡ್ಡ ಕಾರು ಬೇಡ, ಅಲ್ಲಿನ ಪಾರ್ಕಿಂಗ್ ಕಟ್ಟಡಗಳು ಇಕ್ಕಟ್ಟು. ಮೂರು ದೇಶಕ್ಕೂ ಒಯ್ಯುತ್ತೇವೆಂದು ಮೊದಲೇ ತಿಳಿಸಿ. ಕ್ರೆಡಿಟ್ ಕಾರ್ಡ್ ಮುಖ್ಯ ಚಾಲಕರ ಹೆಸರಿನದೇ ಆಗಿರಬೇಕು, ಡೆಬಿಟ್ ಕಾರ್ಡನ್ನು ಹೆಚ್ಚಿನ ಕಡೆ ಒಪ್ಪುವುದಿಲ್ಲ. ಆಸ್ಟ್ರಿಯಾದ ಹೆದ್ದಾರಿಗೆ ‘ವಿನ್ಯೆಟ್’ ಎಂಬ ಪರವಾನಗಿ ಬೇಕು, ಹತ್ತು ದಿನದ್ದು 12–13 ಯೂರೋ. ಬ್ರೆನ್ನರ್ ಟೋಲ್ ಅದರಲ್ಲಿ ಸೇರಿಲ್ಲ.

ಬಲಬದಿಯ ಚಾಲನೆ ಒಂದು ಗಂಟೆಯಲ್ಲಿ ರೂಢಿಯಾಗುತ್ತದೆ. ತಪ್ಪಾಗುವುದು ಆಮೇಲೆ, ಬೆಳಿಗ್ಗೆ ಖಾಲಿ ರಸ್ತೆಗೆ ಇಳಿಯುವಾಗ ಅಥವಾ ಪೆಟ್ರೋಲ್ ಬಂಕಿನಿಂದ ಹೊರಬರುವಾಗ. ಪಕ್ಕದಲ್ಲಿ ಕೂತವರು ಪ್ರತಿ ತಿರುವಿನಲ್ಲೂ “ಬಲಕ್ಕೆ” ಎಂದು ಬಾಯಿಬಿಟ್ಟು ಹೇಳಲಿ. ಬಂಕಿನ ಮಾತು ಬಂತು: ಇಟಲಿಯಲ್ಲಿ ‘ಬೆಂಜೀನಾ’ ಎಂದರೆ ಪೆಟ್ರೋಲ್, ‘ಗಾಸೋಲಿಯೊ’ ಎಂದರೆ ಡೀಸೆಲ್.

ಇಟಲಿಯ ಹಳೆಯ ಪೇಟೆಗಳ ಒಳಗೆ ಕಾರು ಒಯ್ಯಲೇಬೇಡಿ. ‘ಜಡ್‌ಟಿಎಲ್’ ಎಂಬ ಕೆಂಪು ವೃತ್ತದ ಫಲಕದಾಚೆ ಸ್ಥಳೀಯರ ವಾಹನಕ್ಕೆ ಮಾತ್ರ ಅವಕಾಶ, ಕಾಯಲು ಪೊಲೀಸರಿರುವುದಿಲ್ಲ, ಕ್ಯಾಮೆರಾ ಇರುತ್ತದೆ. ಹೋಟೆಲ್ ಹುಡುಕುತ್ತ ನಾನು ಒಂದು ಊರಿನಲ್ಲಿ ಅದೇ ಫಲಕವನ್ನು ಮೂರು ಸಲ ದಾಟಿದೆ. ಎಂಟು ತಿಂಗಳ ಮೇಲೆ ಮನೆಗೆ ಮೂರು ದಂಡದ ನೋಟಿಸು ಬಂತು, ವಿಳಾಸ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿಯೂ ಮೂರು ಸಲ ಶುಲ್ಕ ಹಿಡಿದಿತ್ತು. ಊರ ಹೊರಗಿನ ಪಾರ್ಕಿಂಗಿನಲ್ಲಿ ಬಿಟ್ಟು ಬಸ್ಸಿನಲ್ಲಿ ಹೋಗಿ.

ಊಟಕ್ಕೆ ಅಷ್ಟು ಚಿಂತೆ ಬೇಡ, ಆದರೆ ಮೊಟ್ಟೆ ಅಡಗಿರುವ ಕಡೆ ಗೊತ್ತಿರಬೇಕು. ಒಣ ಸ್ಪಾಗೆಟ್ಟಿಯಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ, ಅಲ್ಲೇ ಲಟ್ಟಿಸಿದ ತಾಜಾ ಪಾಸ್ತಾದಲ್ಲಿ ಇರುತ್ತದೆ. ಬ್ರೆಡ್ಡಿನ ಉಂಡೆಯಂಥ ಕ್ನೋಡೆಲ್‌ನಲ್ಲೂ ಇರುತ್ತದೆ. ಪೊಲೆಂಟಾ ಎಂದರೆ ಮೆಕ್ಕೆಜೋಳದ ಮುದ್ದೆ, ಅಣಬೆಯ ಜೊತೆ ಕೊಡುತ್ತಾರೆ, ನಿಮಗೆ ಒಗ್ಗುತ್ತದೆ. “ಸೆಂಜಾ ಕಾರ್ನೆ, ಸೆಂಜಾ ಉವೋವಾ” ಎಂದರೆ ಮಾಂಸ ಬೇಡ, ಮೊಟ್ಟೆ ಬೇಡ. ಒರ್ಟಿಸೇಯಿಯಲ್ಲಿ ಅಡುಗೆಮನೆ ಇರುವ ವಸತಿ ಹಿಡಿದರೆ ರಾತ್ರಿ ಅನ್ನ, ಸಾರು ಮಾಡಿಕೊಳ್ಳಬಹುದು. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಹಾಲಿನ ಪೇಡ ಒಯ್ಯುವಂತಿಲ್ಲ, ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವೂ ಬೇಡ. ಆದರೆ ತೆಂಗಿನಕಾಯಿ, ಬಾಳೆಹಣ್ಣಿಗೆ ತಡೆಯಿಲ್ಲ, ಆ ದಿನ ಬೆಳಿಗ್ಗೆ ದೇವರಿಗೆ ಕಾಯಿ ಒಡೆಯಬೇಕೆಂದಿದ್ದರೆ ಊರಿನಿಂದಲೇ ಒಯ್ಯಬಹುದು.

ಎಲ್ಲಕ್ಕಿಂತ ಮೊದಲು ಸೈಸರ್ ಆಲ್ಮ್‌ನ ಆ ಒಂದು ರಾತ್ರಿಯ ಕೋಣೆ ಕಾದಿರಿಸಿ. ಮೇಲೆ ಹೋಟೆಲುಗಳು ಕಡಿಮೆ. ಕಿಟಕಿ ಲಾಂಗ್‌ಕೋಫೆಲ್ ಕಡೆಗಿರಲಿ ಎಂದು ಕೇಳಿ, ಮದುವೆಯ ದಿನವೆಂದೂ ತಿಳಿಸಿ. ಅದು ಸಿಕ್ಕ ಮೇಲೆ ವಿಮಾನದ ಟಿಕೆಟ್ ನೋಡಿ.