ಶುಗರ್ ನಿಮ್ದು, ನಂಬರ್ರೂ ನಿಮ್ದೇ

ತುಮಕೂರು ಕಡೆಯ ಓದುಗರೊಬ್ಬರು, ರಿಟೈರ್ಡ್ ಟೀಚರ್, ಬರೆದಿದಾರೆ: "ಮಗ ತೋಳಿಗೆ ಶುಗರ್ ಅಳೆಯೋ ಸೆನ್ಸರ್ ಹಾಕಿಸಿದ, ನಂಬರ್ ಫೋನಲ್ಲಿ ಕಾಣ್ಸುತ್ತೆ. ಮುದ್ದೆ ಉಂಡ ದಿನ ಶುಗರ್ 220 ದಾಟ್ತಿತ್ತು. ಮುದ್ದೆ ಅರ್ಧ ಮಾಡಿ, ಸೊಪ್ಪು ಕಾಳು ಜಾಸ್ತಿ ಹಾಕ್ಕೊಂಡು, ಉಂಡಮೇಲೆ ಕಾಲು ಗಂಟೆ ಓಡಾಡಿದ್ರೆ 160ರ ಹತ್ರ ನಿಲ್ತು. ಡಾಕ್ಟರಿಗೆ ತೋರಿಸಿದ್ರೆ, ಇದನ್ನೆಲ್ಲ ನೀವು ನೋಡಬೇಡಿ, ಮೂರು ತಿಂಗಳಿಗೊಮ್ಮೆ ಬನ್ನಿ ಅಂದ್ರು. ಸಾರಿ ಅಂದು ಫೋನ್ ಒಳಗಿಟ್ಟೆ. ನಾನು ಅತಿ ಮಾಡ್ತಿದೀನಾ?"

ಇಲ್ಲ ಮೇಡಂ. ನಂಗೆ ಬೇಜಾರಾಗಿದ್ದು ನೀವು 'ಸಾರಿ' ಅಂದಿದ್ದಕ್ಕೆ. ಹುಡುಗನೊಬ್ಬ ತನ್ನ ಲೆಕ್ಕದ ತಪ್ಪನ್ನ ತಾನೇ ಹಿಡಿದು ಸರಿ ಮಾಡ್ಕೊಂಡು ಬಂದಿದ್ರೆ ನೀವು ಅವನ ಕೈಲಿ ಸಾರಿ ಹೇಳಿಸ್ತಿದ್ರಾ?

ಡಾಕ್ಟರ್ ಮಾತಲ್ಲೂ ಒಂದು ನ್ಯಾಯ ಇದೆ. ಸೆನ್ಸರ್ ಅಳೆಯೋದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನ, ಅದು ಕೆಲವು ನಿಮಿಷ ಹಿಂದೆ ಇರುತ್ತೆ. ಬೆವರು, ನಡುಕ ಬಂದಾಗ ನಂಬರ್ ಸರಿ ಇದೆ ಅಂದ್ರೂ ಬೆರಳು ಚುಚ್ಚಿ ನೋಡಿ. ಮಾತ್ರೆ, ಇನ್ಸುಲಿನ್ ಡೋಸ್ ಕೇಳದೆ ಬದಲಾಯಿಸಬೇಡಿ. ಆದ್ರೆ ನೀವು ಬದಲಾಯಿಸಿದ್ದು ಮುದ್ದೆ!

ನಮ್ಮಪ್ಪಂದು ಹೇಳ್ತೀನಿ, ಅವರಿಗೂ ಶುಗರ್ ಇತ್ತು. ನಾನು ಚಿಕ್ಕವನಿದ್ದಾಗ ಅವರು ದಿನಾ ಬೆಳಿಗ್ಗೆ ಹಿತ್ತಲಲ್ಲಿ ಸ್ಪಿರಿಟ್ ಲ್ಯಾಂಪ್ ಹಚ್ಚಿ, ಮೂತ್ರದಲ್ಲಿ ಶುಗರ್ ಇದೆಯಾ ಅಂತ ತೋರಿಸೋ ಬೆನೆಡಿಕ್ಟ್ ಅನ್ನೋ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸೋರು. ನೀಲಿ ಉಳಿದ್ರೆ ಮನೆಯವರೆಲ್ಲ ಖುಷಿ, ಇಟ್ಟಿಗೆ ಕೆಂಪಾದ್ರೆ ಯಾರೂ ಮಾತಾಡ್ತಿರಲಿಲ್ಲ. ರಕ್ತದಲ್ಲಿ ಶುಗರ್ ಸುಮಾರು 180 ದಾಟಿದ್ರೆ ಮಾತ್ರ ಮೂತ್ರಕ್ಕೆ ಬರೋದು, ಹಾಗಾಗಿ ಶುಗರ್ 150 ಇದ್ರೂ ನೀಲಿ, 50 ಇದ್ರೂ ನೀಲಿ. ಅಂಥದ್ದೊಂದು ನೀಲಿ ಬೆಳಿಗ್ಗೆ ಅವರು ಶುಗರ್ ತೀರಾ ಇಳಿದು ಬಚ್ಚಲಮನೆ ಬಾಗಿಲಲ್ಲೇ ಬಿದ್ರು. ಅಮ್ಮ ಬೆಲ್ಲದ ನೀರು ಬಾಯಿಗೆ ಮುಟ್ಟಿಸಿದ್ದು, ಆ ಲೋಟ, ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಮೆರಿಕದಲ್ಲಿ ರಿಚರ್ಡ್ ಬರ್ನ್‌ಸ್ಟೀನ್ ಅಂತ ಒಬ್ಬ ಎಂಜಿನಿಯರ್ ಇದ್ರು, 12ನೇ ವಯಸ್ಸಿಂದ ಶುಗರ್. 1969ರಲ್ಲಿ ರಕ್ತದ ಶುಗರ್ ಅಳೆಯೋ ಮೆಷಿನ್ ಇತ್ತು, ಆದ್ರೆ ಡಾಕ್ಟರಿಗೆ, ಆಸ್ಪತ್ರೆಗೆ ಬಿಟ್ಟು ಬೇರೆಯವರಿಗೆ ಮಾರ್ತಿರಲಿಲ್ಲ. ಹೆಂಡತಿ ಡಾಕ್ಟರ್ ಆಗಿದ್ರಿಂದ ಅವರ ಹೆಸರಲ್ಲಿ ತರಿಸ್ಕೊಂಡು, ದಿನಕ್ಕೆ ನಾಲ್ಕೈದು ಸಲ ತಾವೇ ನೋಡ್ಕೊಂಡು ಶುಗರ್ ಹತೋಟಿಗೆ ತಂದ್ರು. ಅದನ್ನ ಬರೆದು ಕಳಿಸಿದ್ರೆ ಮೆಡಿಕಲ್ ಪತ್ರಿಕೆಗಳು ವಾಪಸ್ ಮಾಡಿದ್ವು. ಕೊನೆಗೆ 45ರ ವಯಸ್ಸಲ್ಲಿ ಮೆಡಿಕಲ್ ಕಾಲೇಜು ಸೇರಿ ಡಾಕ್ಟರೇ ಆಗಿಬಿಟ್ರು, 90 ವರ್ಷ ಬದುಕಿ 2025ರಲ್ಲಿ ತೀರಿಕೊಂಡ್ರು. ಅವತ್ತು ಬೇಡ ಅಂದಿದ್ದೇ ಇವತ್ತು ಮನೆಮನೆಯ ಗ್ಲುಕೋಮೀಟರ್.

ಮೂರು ತಿಂಗಳಿಗೊಮ್ಮೆ ಮಾಡಿಸೋ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಬೇಕು, ಆದ್ರೆ ಅದು ಅಷ್ಟು ದಿನದ ಶುಗರ್‌ನ ಸರಾಸರಿ ಅಷ್ಟೇ, ಯಾವ ಊಟಕ್ಕೆ ಏರ್ತು, ರಾತ್ರಿ ಎಷ್ಟಕ್ಕೆ ಇಳೀತು ಅಂತ ಹೇಳಲ್ಲ. 2023ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಡಯಾಬಿಟಿಸ್ ಇರೋರು 10 ಕೋಟಿಗೂ ಹೆಚ್ಚು, ಇಷ್ಟು ಜನಕ್ಕೆ ದಿನದಿನದ ಏರಿಳಿತ ನೋಡೋಕೆ ಯಾವ ಡಾಕ್ಟರಿಗೆ ಪುರುಸೊತ್ತಿದೆ ಹೇಳಿ? ಎರಡು ವಾರದ ಸೆನ್ಸರ್‌ಗೆ ಸಾವಿರಗಟ್ಟಲೆ ಕೊಡಬೇಕು, ಕೂಲಿ ಮಾಡೋರು ಏನ್ ಮಾಡ್ತಾರೆ? ಕೊಂಡವರಿಗಾದ್ರೂ ಅರ್ಥ ಆಗುತ್ತಾ? ನಾನು ತರಿಸಿದ ಡಬ್ಬಿಯಲ್ಲಿ ಒಂದಕ್ಷರ ಕನ್ನಡ ಇರಲಿಲ್ಲ. ನಮ್ಮ ಲ್ಯಾಬ್ ರಿಪೋರ್ಟೂ ಅಷ್ಟೇ, ನಮ್ಮ ರಕ್ತದ ಸುದ್ದಿ ನಮಗೇ ಓದೋಕಾಗಲ್ಲ.

ಮುಂದಿನ ಸಲ ಎರಡು ವಾರದ ಗ್ರಾಫ್ ಪ್ರಿಂಟ್ ಹಾಕಿಸಿ, ಯಾವ ಹೊತ್ತು ಏನು ಉಂಡ್ರಿ ಅಂತ ಪಕ್ಕದಲ್ಲಿ ನಿಮ್ಮ ಕೈಬರಹದಲ್ಲೇ ಬರೆದು ಡಾಕ್ಟರ್ ಟೇಬಲ್ ಮೇಲಿಡಿ. ಅವರು ಏನಂದ್ರು ಅಂತ ನಂಗೆ ಬರೀರಿ, ಕಾಯ್ತಿರ್ತೀನಿ.