ಎಮ್ಮೆ, ಕರು, ಮೇಕೆ, ಮತ್ತೆ ಎಮ್ಮೆ

ಬಸವನಗುಡಿಯ ಸೋದರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಎರಡು ದಿನ ಅದೇ ಯೋಚನೆ. ಅರವತ್ತಕ್ಕೆ ಅರಳು ಮರಳು ಅಂತ ಮನೆಯವರೆಲ್ಲ ಸುಮ್ಮನಿದ್ದೆವು, ಅಮ್ಮನಿಗೆ ಆಲ್ಝೈಮರ್ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು ಎಂದು ಬರೆದಿದ್ದೀರಿ. ನಿಮಗೀಗ 53. ನಿಮಗೂ ಬರಬಹುದಾ ಎಂಬ ಭಯ. ಕೊನೆಗೆ ಸಿಟ್ಟಿನ ಪ್ರಶ್ನೆ: 'ಸರ್ಕಾರಗಳು ಇಷ್ಟು ವರ್ಷ ದುಡ್ಡು ಸುರಿದು ಸಂಶೋಧನೆ ಮಾಡಿಸಿವೆ. ಒಂದು ಮಾತ್ರೆಯಾದರೂ ಬಂತಾ? ನಮ್ಮಂಥವರಿಗೆ ಏನು ಸಿಕ್ತು?'

ಪೂರ್ತಿ ವಾಸಿ ಮಾಡುವ ಮಾತ್ರೆ ಬಂದಿಲ್ಲ, ನಿಜ. ಆದರೆ ಏನೂ ಸಿಕ್ಕಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ.

ನಮ್ಮ ದೊಡ್ಡಮ್ಮನ ವಿಷಯ ಹೇಳುತ್ತೇನೆ. ಮಂಡ್ಯ ಕಡೆಯವರು, ಓದಿದ್ದು ನಾಲ್ಕನೇ ಕ್ಲಾಸು. ಮರೆವು ಜಾಸ್ತಿ ಆಯಿತೆಂದು ಇಲ್ಲಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅಲ್ಲಿ 'ವರ್ಲ್ಡ್' ಎಂಬ ಇಂಗ್ಲಿಷ್ ಪದದ ಸ್ಪೆಲಿಂಗನ್ನು ಹಿಂದಿನಿಂದ ಹೇಳಿ ಅಂದರು. ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನನ್ನ ಮುಖ ನೋಡಿದರು. ಅದಕ್ಕೆ ಸೊನ್ನೆ ಅಂಕ. ಆಮೇಲೆ ಬೇರೆ ಕಡೆ ಕನ್ನಡದಲ್ಲೇ ಕೇಳಿದರು: 'ಅಜ್ಜಿ, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳ್ತೀರಿ?' ದೊಡ್ಡಮ್ಮ ಕೊಟ್ಟಿಗೆಯಿಂದ ಶುರು ಮಾಡಿದರು. ಎಮ್ಮೆ, ಕರು, ಮೇಕೆ. ಮತ್ತೆ ಎಮ್ಮೆ. ಸ್ವಲ್ಪ ತಡೆದು, ಎಮ್ಮೆ. ಕಾಯಿಲೆ ಇದ್ದದ್ದು ನಿಜವೇ. ಆದರೆ ಅವತ್ತು ಅಳೆದದ್ದು ಅವರ ನೆನಪನ್ನು, ಇಂಗ್ಲಿಷನ್ನಲ್ಲ.

ಇಂಥ ಪರೀಕ್ಷೆಯನ್ನು ಸುಮ್ನೆ ಅನುವಾದ ಮಾಡಿಬಿಟ್ಟರೆ ಆಗುವುದಿಲ್ಲ. ಆ ಭಾಷೆ ಆಡುವ ಆರೋಗ್ಯವಂತರನ್ನೂ ಕಾಯಿಲೆಯವರನ್ನೂ ಕೂರಿಸಿ, ಕೇಳಿ, ಅಂಕ ಹೋಲಿಸಿ ನೋಡಬೇಕು. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಈ ಕೆಲಸ ಮಾಡಿಸಿದೆ. ಇದರಲ್ಲಿ ಯಾವ ಕಂಪನಿಗೂ ದುಡ್ಡಿನ ಲಾಭವಿಲ್ಲ. ಸರ್ಕಾರ ಮಾಡಿಸದಿದ್ದರೆ ಇನ್ಯಾರು ಮಾಡಿಸುತ್ತಾರೆ, ಅಲ್ವಾ?

ಇನ್ನು ತಡೆಯುವ ವಿಷಯ. ಅಮೆರಿಕ ಸರ್ಕಾರದ ಹಣದಲ್ಲಿ ನಡೆದ ಸ್ಪ್ರಿಂಟ್ ಅಧ್ಯಯನದಲ್ಲಿ 50 ದಾಟಿದ, ಬಿಪಿ ಇರುವ 9,000ಕ್ಕೂ ಹೆಚ್ಚು ಜನ ಇದ್ದರು. ಒಂದು ಗುಂಪಿನವರ ಮೇಲಿನ ಬಿಪಿಯನ್ನು 140ರ ಒಳಗೆ, ಇನ್ನೊಂದು ಗುಂಪಿನದ್ದನ್ನು 120ರ ಒಳಗೆ ಇಡಲು ನೋಡಿದರು. ನೆನಪಿನ ಮೇಲಿನ ಫಲಿತಾಂಶ 2019ರಲ್ಲಿ ಬಂತು. 120ರ ಗುಂಪಿನಲ್ಲಿ ಡಿಮೆನ್ಷಿಯಾಕ್ಕೆ (ಆಲ್ಝೈಮರ್‌ನಂಥ ಮರೆವಿನ ಕಾಯಿಲೆಗಳಿಗೆ) ಮುಂಚಿನ ಹಂತದ ಮರೆವು ಶೇ. 19ರಷ್ಟು ಕಡಿಮೆ. ಡಿಮೆನ್ಷಿಯಾವೇ ಕಡಿಮೆಯಾಯಿತು ಎಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ, ಅದನ್ನೂ ನಿಮಗೆ ಹೇಳಬೇಕು. ಆದರೂ ಮಾತ್ರೆ ಬಂತಾ ಎಂದು ಕೇಳಿದಿರಲ್ಲ, ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಬಿಪಿ ಮಾತ್ರೆಯನ್ನೂ ಆ ಲೆಕ್ಕಕ್ಕೆ ಸೇರಿಸಿ. ಎಷ್ಟು ಬಿಪಿ ನಿಮಗೆ ಸರಿ ಎಂಬುದನ್ನು ಮಾತ್ರ ಡಾಕ್ಟರೇ ಹೇಳಲಿ.

ಕಿವಿ ಮಂದವಾಗುವುದು, ಸಕ್ಕರೆ ಕಾಯಿಲೆ, ಸಿಗರೇಟು, ಒಂಟಿತನ ಇವೂ ಕಾರಣಗಳ ಪಟ್ಟಿಯಲ್ಲಿವೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಇಂಥ 14 ಕಾರಣ ಗುರುತಿಸಿದೆ. ಅವನ್ನೆಲ್ಲ ಸರಿಪಡಿಸಿದರೆ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಜಾಹೀರಾತಿನ 'ನೆನಪಿನ ಶಕ್ತಿ' ಕ್ಯಾಪ್ಸೂಲು ಆ ಲೆಕ್ಕದಲ್ಲಿಲ್ಲ. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ.

ಎಲ್ಲ ಸಂಶೋಧನೆಯೂ ಸರ್ಕಾರದ್ದಲ್ಲ, ದೂರದ್ದೂ ಅಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಹಳ್ಳಿಯ ಜನರನ್ನು ನಮ್ಮ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ವರ್ಷವರ್ಷವೂ ಕರೆದು ಪರೀಕ್ಷಿಸುತ್ತಿದೆ. 10,000 ಜನರ ಗುರಿ. ಇದಕ್ಕೆ ಹೆಚ್ಚಾಗಿ ದಾನಿಗಳ ನೆರವಿದೆ. ಮರೆವು ಶುರುವಾಗುವ ಮುಂಚೆಯೇ ನಮ್ಮ ರಾಗಿಮುದ್ದೆ ಉಣ್ಣುವ ಜನರ ಮೈಯಲ್ಲಿ ಏನು ಬದಲಾಗುತ್ತದೆ ಎಂಬುದು ಹೀಗೆ ಕಾದು ನೋಡಿದರೆ ತಾನೇ ಗೊತ್ತಾಗುವುದು! ಹೊಲದ ಕೆಲಸ ಬಿಟ್ಟು ಬಂದು ರಕ್ತ ಕೊಡುವ ಆ ಜನರ ಮೇಲೆ ನನಗೆ ತುಂಬಾ ಗೌರವ.

ತಡ ಮಾಡಿದೆವು ಎಂದು ಕೊರಗಬೇಡಿ. ನಾವೂ ಅರಳು ಮರಳು ಅಂದುಕೊಂಡೇ ಒಂದೂವರೆ ವರ್ಷ ಕಳೆದಿದ್ದೆವು. ನಿಮ್ಮ ಮನೆಗೆ ಜಯನಗರ ಜನರಲ್ ಆಸ್ಪತ್ರೆ ಹತ್ತಿರ. ಮೊದಲು ಅಲ್ಲಿ ಬಿಪಿ, ಸಕ್ಕರೆ ನೋಡಿಸಿ. ನೆನಪಿನ ಪರೀಕ್ಷೆ ಬೇಕೆನಿಸಿದರೆ ನಿಮ್ಹಾನ್ಸ್ ಇದೆ. ಅಮ್ಮನ ಹಳೆಯ ಚೀಟಿಗಳನ್ನೂ ಇಟ್ಟುಕೊಂಡು ಹೋಗಿ. ಬಿಪಿ ಎಷ್ಟು ಬಂತು ಅಂತ ನನಗೊಂದು ಸಾಲು ಬರೆಯಿರಿ.

- ಸಂ.